ಇಂಟರ್‌ವ್ಯೂ ಮುಗಿಸಿ ಹಿಮದಲ್ಲಿ ಮನೆಗೆ: ಗ್ರ್ಯಾಂಡ್ ರ‍್ಯಾಪಿಡ್ಸ್‌ನಿಂದ ನೋವೈವರೆಗಿನ ಐ-96

ಅಮೆರಿಕದ ಮಿಶಿಗನ್ ರಾಜ್ಯದ ನೋವೈ, ಕ್ಯಾಂಟನ್, ಫಾರ್ಮಿಂಗ್ಟನ್ ಹಿಲ್ಸ್ ಕಡೆ ಮನೆ ಮಾಡಿಕೊಂಡಿರುವ ಕನ್ನಡಿಗರಲ್ಲಿ ಅನೇಕರು ಡೆಟ್ರಾಯಿಟ್ ಸುತ್ತಲಿನ ಕಾರು ಉದ್ಯಮವನ್ನೇ ನಂಬಿಕೊಂಡವರು. ಅದು ಮುಗ್ಗರಿಸಿದಾಗ ಕಣ್ಣು ಹೋಗುವುದು ಮಿಶಿಗನ್‌ನ ಇನ್ನೊಂದು ಬದಿಗೆ: ಗ್ರ್ಯಾಂಡ್ ರ‍್ಯಾಪಿಡ್ಸ್, ಹಾಲೆಂಡ್, ಝೀಲಂಡ್. ಆಫೀಸು ಪೀಠೋಪಕರಣ, ವೈದ್ಯಕೀಯ ಸಲಕರಣೆ, ಕಾರಿನ ಕನ್ನಡಿ, ಕ್ಯಾಮೆರಾ ಮಾಡುವ ಕಂಪನಿಗಳು ಅಲ್ಲಿವೆ. ಮೊದಲ ಸುತ್ತುಗಳು ವಿಡಿಯೋದಲ್ಲಿ ಮುಗಿಯುತ್ತವೆ. ಕೊನೆಯ ಸುತ್ತಿಗೆ ಅಲ್ಲಿಗೇ ಬರಹೇಳುತ್ತಾರೆ. ಐ-96 ಹೆದ್ದಾರಿಯಲ್ಲಿ ಒಂದು ಕಡೆಗೆ ಸುಮಾರು 130 ಮೈಲಿ. ಬೇಸಿಗೆಯಲ್ಲಿ ಎರಡು ಗಂಟೆಯ ದಾರಿ. ಹಿಮ ಬೀಳುವ ಜನವರಿಯ ದಿನ ಮೂರೂವರೆ ಗಂಟೆಯಲ್ಲಿ ಮನೆ ಮುಟ್ಟಿದರೆ ಸಲೀಸಾಗಿ ಬಂದೆವು ಎನ್ನಬೇಕು.

ಹೋಗುವ ದಾರಿಗಿಂತ ಬರುವ ದಾರಿಯೇ ಕಷ್ಟದ್ದು. ನಾಲ್ಕೈದು ಜನರ ಮುಂದೆ ಕೂತು ಮಾತಾಡಿ ದಣಿದಿರುತ್ತೇವೆ, ಹೊರಗೆ ಕತ್ತಲಾಗುತ್ತಿರುತ್ತದೆ, ತಲೆಯಲ್ಲಿ ಆಡಿದ ಮಾತೇ ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ಆದ್ದರಿಂದ ವಾಪಸು ಪ್ರಯಾಣವನ್ನೂ ಇಂಟರ್‌ವ್ಯೂ ತಯಾರಿಯ ಒಳಗೇ ಸೇರಿಸಿಕೊಳ್ಳಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಇನ್ನೊಂದು ಕಾರಣವೂ ಇದೆ. ಆ ಕೆಲಸ ಸಿಕ್ಕಿದರೆ ಇದೇ ದಾರಿಯನ್ನು ವಾರಕ್ಕೆ ಎರಡು ಮೂರು ಸಲ ಓಡಿಸಬೇಕಾಗಬಹುದು. ಕೆಲಸ ನಮಗೆ ಹೊಂದುತ್ತದೆಯೇ ಎಂಬ ಪ್ರಶ್ನೆಗೆ ಅರ್ಧ ಉತ್ತರ ಆ ಸಂಜೆಯ ರಸ್ತೆಯಲ್ಲೇ ಸಿಗುತ್ತದೆ.

ಈ ದಾರಿಯ ಎರಡು ತುದಿಗಳಲ್ಲಿ ಹವೆ ಒಂದೇ ಅಲ್ಲ. ಗ್ರ್ಯಾಂಡ್ ರ‍್ಯಾಪಿಡ್ಸ್‌ನಲ್ಲಿ ವರ್ಷಕ್ಕೆ ಸರಾಸರಿ 75 ಇಂಚಿನಷ್ಟು ಹಿಮ ಬೀಳುತ್ತದೆ, ಡೆಟ್ರಾಯಿಟ್ ಕಡೆ ಸುಮಾರು 45 ಇಂಚು. ವ್ಯತ್ಯಾಸಕ್ಕೆ ಕಾರಣ ಮಿಶಿಗನ್ ಸರೋವರ. ಪಶ್ಚಿಮದಿಂದಲೋ ವಾಯವ್ಯದಿಂದಲೋ ಬರುವ ಕೊರೆಯುವ ಗಾಳಿ ಇನ್ನೂ ಹೆಪ್ಪುಗಟ್ಟದ ನೀರಿನ ಮೇಲೆ ಹಾದು ಬರುವಾಗ ಶಾಖವನ್ನೂ ತೇವವನ್ನೂ ಹೀರಿಕೊಂಡು, ಪೂರ್ವದ ದಡ ಹತ್ತಿದ ಕೂಡಲೇ ಹಿಮವಾಗಿ ಸುರಿಸುತ್ತದೆ. ಇದಕ್ಕೆ ಲೇಕ್ ಎಫೆಕ್ಟ್ ಸ್ನೋ ಎನ್ನುತ್ತಾರೆ. ಇದು ಪಟ್ಟೆ ಪಟ್ಟೆಯಾಗಿ ಬೀಳುತ್ತದೆ. ಒಂದು ಮೈಲಿ ಬಿಸಿಲು, ಮುಂದಿನ ಮೈಲಿಯಲ್ಲಿ ಬಾನೆಟ್ಟಿನಾಚೆ ಏನೂ ಕಾಣದು. ನೋವೈಯಲ್ಲಿ ಕಿಟಕಿಯಿಂದ ಇಣುಕಿ ‘ಇವತ್ತು ಪರವಾಗಿಲ್ಲ’ ಎಂದು ಹೊರಡುವುದಕ್ಕೆ ಅರ್ಥವಿಲ್ಲ. ನೋಡಬೇಕಾದದ್ದು ನ್ಯಾಷನಲ್ ವೆದರ್ ಸರ್ವಿಸ್‌ನ ಗ್ರ್ಯಾಂಡ್ ರ‍್ಯಾಪಿಡ್ಸ್ ಕಚೇರಿಯ ಮುನ್ಸೂಚನೆ ಮತ್ತು ರಾಜ್ಯ ಸಾರಿಗೆ ಇಲಾಖೆಯ ‘ಮೈ ಡ್ರೈವ್’ ನಕ್ಷೆ. ನಕ್ಷೆಯಲ್ಲಿ ಹೆದ್ದಾರಿಯ ಕ್ಯಾಮೆರಾಗಳೂ ಹಿಮ ತಳ್ಳುವ ಲಾರಿಗಳು ಎಲ್ಲಿವೆ ಎಂಬುದೂ ಕಾಣುತ್ತವೆ. ಅಡ್ವೈಸರಿ ಇದ್ದರೆ ನಿಧಾನವಾಗಿ ಹೋಗಬಹುದು. ವಿಂಟರ್ ಸ್ಟಾರ್ಮ್ ವಾರ್ನಿಂಗ್ ಇದ್ದರೆ ದಿನವನ್ನೇ ಬದಲಿಸಿಕೊಳ್ಳಬೇಕು. ಫೋನು ಕಿರುಚಿ ಸ್ನೋ ಸ್ಕ್ವಾಲ್ ವಾರ್ನಿಂಗ್ ಬಂದರೆ ಹೆದ್ದಾರಿಗೆ ಇಳಿಯಲೇಬಾರದು. ಅಂಥ ಬಿರುಹಿಮ ಸಾಮಾನ್ಯವಾಗಿ ಅರ್ಧ ಮುಕ್ಕಾಲು ಗಂಟೆಯಲ್ಲಿ ದಾಟಿ ಹೋಗುತ್ತದೆ, ಕಾಯುವುದೇ ಲಾಭ.

ಇಂಟರ್‌ವ್ಯೂ ದಿನ ಗೊತ್ತಾದ ತಕ್ಷಣ ರಿಕ್ರೂಟರ್ ಹತ್ತಿರ ಮೂರು ವಿಷಯ ಮಾತಾಡಿಕೊಳ್ಳಬೇಕು. ಬೆಳಗ್ಗಿನ ಸಮಯ ಕೊಡಿ ಎಂದು ಕೇಳುವುದು ಮೊದಲನೆಯದು. ಜನವರಿ ಮೊದಲ ವಾರದಲ್ಲಿ ಅಲ್ಲಿ ಸಂಜೆ ಐದೂಕಾಲು, ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಒಂಬತ್ತಕ್ಕೆ ಶುರುವಾಗಿ ಒಂದಕ್ಕೆ ಮುಗಿದರೆ ದಾರಿಯ ಬಹುಭಾಗ ಬೆಳಕಿನಲ್ಲೇ ಸಾಗುತ್ತದೆ. ಎರಡನೆಯದು, ಹವೆ ಕೆಟ್ಟರೆ ವಿಡಿಯೋಗೆ ಬದಲಿಸಬಹುದೇ, ದಿನ ಮುಂದೂಡಬಹುದೇ ಎಂದು ಮೊದಲೇ ಕೇಳಿಟ್ಟುಕೊಳ್ಳುವುದು. ‘ಇದರಿಂದ ನಮ್ಮ ಮೇಲೆ ಕೆಟ್ಟ ಅಭಿಪ್ರಾಯ ಬಂದೀತು’ ಎಂದು ನಮ್ಮವರು ಹಿಂಜರಿಯುತ್ತಾರೆ. ಹಿಂಜರಿಯುವ ಅಗತ್ಯವಿಲ್ಲ. ಪಶ್ಚಿಮ ಮಿಶಿಗನ್‌ನಲ್ಲಿ ಬದುಕುವವರಿಗೆ ಹಿಮ ಏನೆಂದು ಯಾರೂ ವಿವರಿಸಬೇಕಾಗಿಲ್ಲ. ಮೂರನೆಯದು ಖರ್ಚು. ಹೋಟೆಲಿನಲ್ಲಿ ಒಂದು ರಾತ್ರಿ ಮತ್ತು ಮೈಲಿ ಲೆಕ್ಕದ ಹಣವನ್ನು ಕೇಳುವುದು ವಾಡಿಕೆ. ಸರ್ಕಾರಿ ದರ 2025ರಲ್ಲಿ ಮೈಲಿಗೆ 70 ಸೆಂಟ್ಸ್ ಇತ್ತು. ಹೋಗಿ ಬರುವ 260 ಮೈಲಿಗೆ ಅದು 182 ಡಾಲರ್ ಆಗುತ್ತದೆ. ಬಾಯಿಬಿಟ್ಟು ಕೇಳದಿದ್ದರೆ ಎಷ್ಟೋ ಕಡೆ ತಾವಾಗಿ ಕೊಡುವುದಿಲ್ಲ.

ಇನ್ನು ಕಾರು. ಫೋರ್ ವೀಲ್ ಡ್ರೈವ್ ಇದ್ದರೆ ಸಾಕು ಎಂಬ ನಂಬಿಕೆ ನಮ್ಮಲ್ಲಿ ಬಹಳ ಇದೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋದರೆ ಕಾರು ಮುಂದೆ ಹೊರಡುವುದು ಸುಲಭವಾಗುತ್ತದೆ ಅಷ್ಟೆ. ನಿಲ್ಲಿಸುವುದೂ ತಿರುಗಿಸುವುದೂ ಟೈರಿನ ಕೆಲಸ. ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಆಲ್ ಸೀಸನ್ ಟೈರಿನ ರಬ್ಬರು ಬಿಗಿಯಾಗತೊಡಗುತ್ತದೆ, ಹಿಡಿತ ಕಡಿಮೆಯಾಗುತ್ತದೆ. ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳಿನ ಗುರುತು ಇರುವ ಟೈರ್ ಹಾಕಿಸಿಕೊಳ್ಳುವುದು ಒಳ್ಳೆಯದು. ಹಾಕಿಸಿದರೆ ನಾಲ್ಕನ್ನೂ ಹಾಕಿಸಬೇಕು. ಮುಂದಿನ ಎರಡಕ್ಕೆ ಮಾತ್ರ ಹಾಕಿಸಿದರೆ ತಿರುವಿನಲ್ಲಿ ಹಿಂಭಾಗ ಜಾರಿ ಕಾರು ಗಿರಕಿ ಹೊಡೆಯುತ್ತದೆ. ಇರುವ ಟೈರಿನಲ್ಲೇ ಹೋಗುವುದಾದರೆ ಗೀರಿನ ಆಳ ನೋಡಿಕೊಳ್ಳಬೇಕು. ಕಾಲು ಡಾಲರ್ ನಾಣ್ಯವನ್ನು ವಾಷಿಂಗ್ಟನ್ ತಲೆ ಕೆಳಗಾಗಿ ಗೀರಿನೊಳಗೆ ಇಳಿಸಿ; ತಲೆಯ ತುದಿ ಪೂರ್ತಿ ಕಾಣಿಸಿದರೆ ಆಳ ಇಂಚಿನ 4/32ಕ್ಕಿಂತ ಕಡಿಮೆ. ಹಿಮಕ್ಕೆ ಅದು ಸಾಲದು, 5/32 ಅಥವಾ 6/32 ಬೇಕು. ಗಾಳಿಯ ಒತ್ತಡವೂ ಇಳಿಯುತ್ತದೆ: ಪ್ರತಿ 10 ಡಿಗ್ರಿ ಫ್ಯಾರನ್‌ಹೀಟ್ ಚಳಿಗೆ ಸುಮಾರು 1 ಪಿಎಸ್‌ಐ. ಅಕ್ಟೋಬರ್‌ನಲ್ಲಿ 70 ಡಿಗ್ರಿ ಇದ್ದಾಗ 35 ತುಂಬಿಸಿದ್ದರೆ 10 ಡಿಗ್ರಿಯ ಮುಂಜಾನೆ 29ಕ್ಕೆ ಬಂದಿರುತ್ತದೆ. ಹೊರಡುವ ಹಿಂದಿನ ದಿನ, ಟೈರ್ ತಣ್ಣಗಿರುವಾಗಲೇ ಅಳೆದು ತುಂಬಿಸಬೇಕು.

ಗಾಜು ತೊಳೆಯುವ ನೀರಿನ ಬಗ್ಗೆ ಯಾರೂ ಗಮನ ಕೊಡುವುದಿಲ್ಲ, ಆದರೆ ಐ-96ರಲ್ಲಿ ಕಣ್ಣು ಕಟ್ಟಿಸುವುದು ಬಹಳ ಸಲ ಅದೇ. ಹಿಮ ಕರಗಿಸಲು ಸುರಿದ ಉಪ್ಪು ಕರಗಿ ಕೊಚ್ಚೆಯಾಗುತ್ತದೆ, ಮುಂದಿನ ಲಾರಿಯ ಚಕ್ರ ಅದನ್ನು ನಮ್ಮ ಗಾಜಿಗೆ ಎರಚುತ್ತದೆ, ಅರ್ಧ ನಿಮಿಷದಲ್ಲಿ ಗಾಜು ಬಿಳಿ ಪೊರೆ ಕಟ್ಟುತ್ತದೆ. ಬೇಸಿಗೆಯಲ್ಲಿ ತುಂಬಿಸಿದ ಸಾದಾ ದ್ರವ ಉಳಿದಿದ್ದರೆ ಚಿಮ್ಮಿಸಿದ ಕೂಡಲೇ ಗಾಜಿನ ಮೇಲೇ ಹೆಪ್ಪುಗಟ್ಟಿ ಏನೂ ಕಾಣದಂತಾಗುತ್ತದೆ. ಮೈನಸ್ 20 ಫ್ಯಾರನ್‌ಹೀಟ್, ಅಂದರೆ ಮೈನಸ್ 29 ಸೆಲ್ಸಿಯಸ್ ತಡೆಯುತ್ತದೆ ಎಂದು ಬರೆದಿರುವ ದ್ರವ ಬೇಕು. ನೀರು ಬೆರೆಸಬಾರದು. ಟ್ಯಾಂಕಿ ತುಂಬಿಸಿದ್ದರೂ ಡಿಕ್ಕಿಯಲ್ಲಿ ಇನ್ನೊಂದು ಗ್ಯಾಲನ್ ಇರಲಿ. ಇಂಥ ದಿನ ಒಂದು ಟ್ಯಾಂಕಿ ಲ್ಯಾನ್ಸಿಂಗ್‌ವರೆಗೂ ಬಾರದಿರಬಹುದು.

ದೀಪದ್ದೂ ಒಂದು ಮಾತು. ಹೊಸ ಕಾರುಗಳ ಎಲ್‌ಇಡಿ ಹೆಡ್‌ಲೈಟ್ ಹಳೆಯ ಹ್ಯಾಲೊಜೆನ್ ಬಲ್ಬಿನಷ್ಟು ಗಾಜನ್ನು ಬಿಸಿ ಮಾಡುವುದಿಲ್ಲ. ಹಿಮ ಅದರ ಮೇಲೆ ಕೂತರೆ ಕರಗದೆ ಅಲ್ಲೇ ಗಟ್ಟಿಯಾಗುತ್ತದೆ. ನಿಲ್ಲಿಸಿದಾಗಲೆಲ್ಲ ಕೈಯಿಂದ ಒರೆಸಬೇಕು. ಹಗಲಲ್ಲಿ ತಾನಾಗಿ ಉರಿಯುವ ದೀಪವನ್ನು ನಂಬಿಕೊಳ್ಳಬಾರದು. ಬಹಳ ಕಾರುಗಳಲ್ಲಿ ಆಗ ಹಿಂದಿನ ಕೆಂಪು ದೀಪ ಉರಿಯುವುದೇ ಇಲ್ಲ. ಸ್ವಿಚ್ಚನ್ನು ಕೈಯಿಂದ ತಿರುಗಿಸಿ ಹೆಡ್‌ಲೈಟ್ ಹಾಕಿ, ಲೋ ಬೀಮ್‌ನಲ್ಲೇ ಇಡಿ. ಮುಂಭಾಗದ ರೇಡಾರ್ ಮೇಲೆ ಐಸ್ ಕಟ್ಟಿದರೆ ಮುಂದಿನ ಕಾರಿನ ಅಂತರ ನೋಡಿಕೊಳ್ಳುವ ಕ್ರೂಸ್, ತಾನಾಗಿ ಬ್ರೇಕ್ ಹಾಕುವ ವ್ಯವಸ್ಥೆ ಎರಡೂ ಕೈಕೊಡುತ್ತವೆ. ‘ಸೆನ್ಸರ್ ಮುಚ್ಚಿದೆ’ ಎಂಬ ಸೂಚನೆ ಬಂದರೆ ಇನ್ನು ಎಲ್ಲ ನಮ್ಮ ಕಾಲಿನಲ್ಲೇ ಎಂದು ತಿಳಿಯಬೇಕು. ಕ್ರೂಸ್ ಕಂಟ್ರೋಲನ್ನಂತೂ ಹಿಮದ ರಸ್ತೆಯಲ್ಲಿ ಯಾವ ಕಾರಿನಲ್ಲೂ ಹಾಕಬಾರದು.

ಡಿಕ್ಕಿಯಲ್ಲಿ ಇರಬೇಕಾದವು: ಉದ್ದ ಹಿಡಿಯ ಬ್ರಶ್ ಮತ್ತು ಕೆರೆಯುವ ಸ್ಕ್ರೇಪರ್, ಮಡಚುವ ಸಣ್ಣ ಸಲಿಕೆ, ಚಕ್ರದಡಿ ಚೆಲ್ಲಲು ಒಂದು ಚೀಲ ಮರಳು ಅಥವಾ ಗಟ್ಟಿಕಟ್ಟದ ಬಗೆಯ ಕ್ಯಾಟ್ ಲಿಟರ್, ಬ್ಯಾಟರಿ ಜಂಪ್ ಪ್ಯಾಕ್, ಎರಡು ಕಂಬಳಿ, ಟಾರ್ಚ್. ಜಂಪ್ ಪ್ಯಾಕ್ ಮತ್ತು ನೀರಿನ ಬಾಟಲಿ ಮಾತ್ರ ಕಾರಿನ ಒಳಗೇ ಇರಲಿ. ಡಿಕ್ಕಿಯ ಚಳಿಗೆ ಒಂದರ ಶಕ್ತಿ ಇಳಿಯುತ್ತದೆ, ಇನ್ನೊಂದು ಕಲ್ಲಾಗುತ್ತದೆ. ತಿನ್ನಲು ಚಕ್ಕುಲಿ, ಕೋಡುಬಳೆ, ಹುರಿಗಡಲೆ ಚೆನ್ನ: ಚಳಿಗೆ ಕೆಡುವುದಿಲ್ಲ, ಕೈ ಅಂಟಾಗುವುದಿಲ್ಲ. ಪೆಟ್ರೋಲು ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯದಂತೆ ನೋಡಿಕೊಳ್ಳಬೇಕು. ಎಲೆಕ್ಟ್ರಿಕ್ ಕಾರಾದರೆ ಚಳಿಗೆ ಓಟ ಗಣನೀಯವಾಗಿ ಕುಗ್ಗುತ್ತದೆ, ಆದ್ದರಿಂದ ಇಂಟರ್‌ವ್ಯೂ ನಡೆಯುವ ಜಾಗದ ಹತ್ತಿರ ಚಾರ್ಜರ್ ಎಲ್ಲಿದೆ ಎಂದು ಮೊದಲೇ ನೋಡಿಟ್ಟುಕೊಂಡಿರಬೇಕು.

ಫಾರ್ಮಲ್ ಶೂ ಹಾಕಿಕೊಂಡು ಡ್ರೈವ್ ಮಾಡಬಾರದು. ಚರ್ಮದ ಅಟ್ಟೆಗೆ ಹಿಮ ಮೆತ್ತಿದರೆ ಪೆಡಲ್ ಮೇಲಿಂದ ಕಾಲು ಜಾರುತ್ತದೆ, ಪಾರ್ಕಿಂಗ್ ಲಾಟಿನಲ್ಲಿ ಬೀಳುವುದೂ ಸುಲಭ. ಬೂಟು ಹಾಕಿಕೊಂಡು ಹೋಗಿ, ಶೂವನ್ನು ಚೀಲದಲ್ಲಿ ಒಯ್ದು ಅಲ್ಲಿನ ಲಾಬಿಯಲ್ಲಿ ಬದಲಿಸಿಕೊಳ್ಳುವುದು ಅಲ್ಲಿಯವರೇ ಮಾಡುವ ಕ್ರಮ, ಯಾರೂ ತಿರುಗಿ ನೋಡುವುದಿಲ್ಲ. ಹೊರಡುವಾಗ ಮತ್ತೆ ಬೂಟು. ಕಾರು ಹತ್ತುವ ಮೊದಲು ಎರಡೂ ಬೂಟನ್ನು ಬಾಗಿಲಿನ ಅಂಚಿಗೆ ಬಡಿದು ಹಿಮ ಉದುರಿಸಬೇಕು. ಇಲ್ಲದಿದ್ದರೆ ಅದು ಕಾಲಡಿಯಲ್ಲಿ ಕರಗಿ, ಆವಿಯಾಗಿ, ಗಾಜಿನ ಒಳಮೈಗೆ ಹತ್ತಿಕೊಳ್ಳುತ್ತದೆ. ಹಾಗೆ ಮಂಜು ಹಿಡಿದಾಗ ಒಳಗಿನ ಗಾಳಿಯನ್ನೇ ತಿರುಗಿಸುವ ಗುಂಡಿ ಆರಿಸಿ, ಹೀಟರ್ ಜೊತೆ ಎಸಿಯನ್ನೂ ಹಾಕಿ. ಎಸಿ ಗಾಳಿಯ ತೇವ ತೆಗೆಯುತ್ತದೆ, ಗಾಜು ಬೇಗ ತಿಳಿಯಾಗುತ್ತದೆ.

ಇಂಟರ್‌ವ್ಯೂ ಮುಗಿಯಿತು, ಕೈ ಕುಲುಕಿ ಹೊರಬಂದಾಯಿತು. ಈಗಲೇ ಕೀಲಿ ತಿರುಗಿಸಿ ಹೊರಡಬಾರದು. ಲಾಬಿಯಲ್ಲೋ, ಎಂಜಿನ್ ಬೆಚ್ಚಗಾಗುತ್ತಿರುವ ಕಾರಿನಲ್ಲೋ ಹತ್ತು ನಿಮಿಷ ಕೂತು ಎಲ್ಲವನ್ನೂ ಕಾಗದದ ಮೇಲೆ ಇಳಿಸಬೇಕು: ಯಾರು ಯಾರು ಕೂತಿದ್ದರು, ಯಾವ ಪ್ರಶ್ನೆಗೆ ತಡವರಿಸಿದೆವು, ಮುಂದಿನ ಹಂತ ಯಾವಾಗ ಎಂದರು, ವಾರಕ್ಕೆ ಎಷ್ಟು ದಿನ ಆಫೀಸಿಗೆ ಬರಬೇಕು ಎಂದರು. ಈ ಬರಹ ಎರಡು ಕೆಲಸ ಮಾಡುತ್ತದೆ. ಸಂಜೆ ಬರೆಯುವ ಧನ್ಯವಾದದ ಮೇಲ್‌ಗೆ ಸಾಮಗ್ರಿ ಸಿಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಮರೆತೀತು ಎಂಬ ಆತಂಕ ಹೋಗುವುದರಿಂದ ಮನಸ್ಸು ಅದನ್ನು ದಾರಿಯುದ್ದಕ್ಕೂ ಮೆಲುಕು ಹಾಕುವುದು ಬಿಡುತ್ತದೆ. ಹಿಮದ ಮೇಲೆ ಕಾರು ಜಾರಲು ಶುರುವಾದದ್ದು ತಿಳಿಯುವುದು ಸ್ಟೀರಿಂಗ್ ಹಗುರಾದಂತೆ ಅನ್ನಿಸುವ ಒಂದು ಕ್ಷಣದಲ್ಲಿ. ಆ ಕ್ಷಣ ‘ಆ ಪ್ರಶ್ನೆಗೆ ಹೀಗೆ ಹೇಳಬೇಕಿತ್ತು’ ಎಂದು ಯೋಚಿಸುತ್ತಿದ್ದರೆ ಕೈ ತಡವಾಗಿ ಎಚ್ಚೆತ್ತುಕೊಳ್ಳುತ್ತದೆ.

ಫೋನನ್ನು ಡ್ರೈವಿಂಗ್ ಮೋಡ್‌ಗೆ ಹಾಕಿ. ಮಿಶಿಗನ್‌ನಲ್ಲಿ 2023ರ ಜೂನ್ 30ರಿಂದ ಕೈಯಲ್ಲಿ ಫೋನು ಹಿಡಿದು ಓಡಿಸುವುದು ಕಾನೂನಿಗೆ ವಿರುದ್ಧ. ಬ್ಲೂಟೂತ್‌ನಲ್ಲಿ ಮಾತಾಡಲು ಅಡ್ಡಿಯಿಲ್ಲ, ಆದರೆ ಅದೇ ಸಂಜೆ ರಿಕ್ರೂಟರ್ ಕರೆ ಬಂದರೆ ದಾರಿಯಲ್ಲಿ ಎತ್ತದಿರುವುದೇ ವಾಸಿ. ಸಂಬಳದ ಮಾತೂ ಹಿಮದ ರಸ್ತೆಯೂ ಒಟ್ಟಿಗೆ ಸಾಗುವುದಿಲ್ಲ. ಮನೆಗೆ ಮಾತ್ರ ಹೊರಟ ಸಮಯ, ದಾರಿ, ತಲುಪುವ ಅಂದಾಜು ಹೇಳಿಯೇ ಹೊರಡಬೇಕು.

ಕಾರಿನ ಮೇಲಿನ ಹಿಮವನ್ನು ಚಾವಣಿಯಿಂದ ಶುರುಮಾಡಿ ಪೂರ್ತಿ ತೆಗೆಯಬೇಕು. ಗಾಜಿನಲ್ಲಿ ಕಿಂಡಿ ಮಾಡಿಕೊಂಡು ಹೊರಟರೆ ಮೊದಲ ಬ್ರೇಕಿಗೇ ಚಾವಣಿಯ ಹಿಮವೆಲ್ಲ ಮುಂಗಾಜಿನ ಮೇಲೆ ಜರಿದು ಬೀಳುತ್ತದೆ. ಗಾಜಿನ ಮೇಲೆ ಬಿಸಿನೀರು ಹಾಕಲೇಬೇಡಿ, ಬಿರುಕು ಬಿಡುತ್ತದೆ. ಪಾರ್ಕಿಂಗ್ ಲಾಟ್ ಬಿಡುವ ಮೊದಲು, ಸುತ್ತ ಯಾರೂ ಇಲ್ಲದಿರುವಾಗ, ನಡಿಗೆಯ ವೇಗದಲ್ಲಿ ಹೋಗಿ ಒಮ್ಮೆ ಗಟ್ಟಿಯಾಗಿ ಬ್ರೇಕ್ ಒತ್ತಿ ನೋಡಿ. ಕಾಲಡಿಯಲ್ಲಿ ಪೆಡಲ್ ಗಡಗಡ ನಡುಗಿದರೆ ಎಬಿಎಸ್ ಕೆಲಸ ಮಾಡುತ್ತಿದೆ, ರಸ್ತೆಯೂ ಜಾರುತ್ತಿದೆ ಎಂದರ್ಥ. ಆ ನಡುಕಕ್ಕೆ ಬೆದರಿ ಕಾಲು ತೆಗೆಯಬಾರದು, ಒತ್ತಿಯೇ ಹಿಡಿಯಬೇಕು.

ಹೆದ್ದಾರಿಯಲ್ಲಿ ವೇಗದ ಮಿತಿ 70 ಮೈಲಿ ಎಂದು ಬರೆದಿರುತ್ತದೆ. ಅದು ಒಣ ರಸ್ತೆಯ ಲೆಕ್ಕ. ಹಿಮ ಕೂತ ರಸ್ತೆಯಲ್ಲಿ 35ರಿಂದ 45; ಮಿತಿಯೊಳಗಿದ್ದರೂ ರಸ್ತೆಯ ಸ್ಥಿತಿಗೆ ಮೀರಿದ ವೇಗ ಎಂದು ಪೊಲೀಸರು ಟಿಕೆಟ್ ಕೊಡಬಹುದು. ಮುಂದಿನ ವಾಹನದಿಂದ ಎಂಟು ಸೆಕೆಂಡಿನ ಅಂತರ ಇರಬೇಕು. ಅದು ಒಂದು ಕಂಬ ದಾಟಿದ ಕ್ಷಣದಿಂದ ನಿಧಾನವಾಗಿ ಎಣಿಸಿ, ನಾವು ಆ ಕಂಬ ಮುಟ್ಟುವಾಗ ಎಂಟು ಆಗಿರಬೇಕು. 40 ಮೈಲಿ ವೇಗದಲ್ಲಿ ಅದು ಸುಮಾರು 470 ಅಡಿ. ಬೇರೆಯವರು ಆ ಸಂದಿಗೆ ನುಗ್ಗುತ್ತಾರೆ; ನುಗ್ಗಲಿ, ಮತ್ತೆ ಹಿಂದೆ ಸರಿದು ಅಂತರ ಮಾಡಿಕೊಳ್ಳಿ.

ಲೋವೆಲ್ ದಾಟಿ ಪೋರ್ಟ್‌ಲ್ಯಾಂಡ್‌ವರೆಗಿನ ಬಯಲು ಈ ದಾರಿಯ ಕೆಟ್ಟ ಭಾಗ. ಎರಡೂ ಬದಿ ಹೊಲ, ಗಾಳಿಗೆ ತಡೆಯಿಲ್ಲ. ಬೀಳುತ್ತಿರುವ ಹಿಮ ನಿಂತರೂ ಹೊಲದ ಮೇಲಿನದನ್ನು ಗಾಳಿ ಎತ್ತಿ ರಸ್ತೆಗೆ ಅಡ್ಡಲಾಗಿ ಹಾಯಿಸುತ್ತದೆ. ಸೆರಗಿನಂತೆ ನೆಲಮಟ್ಟದಲ್ಲಿ ಹರಿಯುವ ಆ ಹಿಮವನ್ನು ದಿಟ್ಟಿಸುತ್ತಾ ಹೋದರೆ ಕಾರೇ ಪಕ್ಕಕ್ಕೆ ಸರಿಯುತ್ತಿದೆ ಎಂಬ ಭ್ರಮೆಯಾಗುತ್ತದೆ. ದೂರದ ಗುರುತು ನೋಡಬೇಕು: ಮುಂದಿನ ಸೇತುವೆ, ಬಲಬದಿಯ ಅಂಚಿನ ಪ್ರತಿಫಲಕ. ಸೇತುವೆಗೆ ಕೆಳಗಿನಿಂದಲೂ ಚಳಿಗಾಳಿ ಹೊಡೆಯುವುದರಿಂದ ರಸ್ತೆಗಿಂತ ಮೊದಲು ಅದು ಹೆಪ್ಪುಗಟ್ಟುತ್ತದೆ. ಪೋರ್ಟ್‌ಲ್ಯಾಂಡ್ ಹತ್ತಿರ ಗ್ರ್ಯಾಂಡ್ ನದಿಯನ್ನು ದಾಟುವಾಗ ಬ್ರೇಕೂ ಬೇಡ, ಆಕ್ಸಿಲರೇಟರೂ ಬೇಡ, ಲೇನ್ ಬದಲಿಸುವುದೂ ಬೇಡ. ಮೊದಲೇ ವೇಗ ತಗ್ಗಿಸಿಕೊಂಡು ನೇರ ಸಾಗಬೇಕು.

ಜಾರಿದರೆ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಹೋಗಬೇಕಾದ ಕಡೆ ಕಣ್ಣಿಟ್ಟು, ಅತ್ತಲೇ ಮೆಲ್ಲಗೆ ಸ್ಟೀರಿಂಗ್ ತಿರುಗಿಸಬೇಕು. ಕಣ್ಣು ಚರಂಡಿಯ ಮೇಲಿದ್ದರೆ ಕೈಯೂ ಅತ್ತಲೇ ಹೋಗುತ್ತದೆ.

ಹಿಮ ತಳ್ಳುವ ಲಾರಿ ಸಿಕ್ಕರೆ ಅದೃಷ್ಟ ಎಂದುಕೊಳ್ಳಿ. ಹಸಿರು ಮತ್ತು ಹಳದಿ ದೀಪ ಮಿನುಗಿಸುತ್ತಾ ಗಂಟೆಗೆ 25, 35 ಮೈಲಿಯಲ್ಲಿ ಹೋಗುತ್ತಿರುತ್ತದೆ. ಅದರ ಹಿಂದೆ ದೂರದಲ್ಲಿ ಹೋದರೆ ಇಡೀ ಹೆದ್ದಾರಿಯಲ್ಲಿ ಅದಕ್ಕಿಂತ ಒಳ್ಳೆಯ ರಸ್ತೆ ಇಲ್ಲ. ಬಲಗಡೆಯಿಂದ ಹಿಂದೆ ಹಾಕುವುದಂತೂ ಅಪಾಯ, ಪಕ್ಕಕ್ಕೆ ಚಾಚಿದ ರೆಕ್ಕೆಯಂಥ ಅಲಗು ಅದೇ ಎಬ್ಬಿಸಿದ ಹಿಮದ ಮೋಡದಲ್ಲಿ ಕಾಣುವುದಿಲ್ಲ. ಉಪ್ಪಿನ ಮೇಲೆ ಅತಿ ಭರವಸೆಯೂ ಬೇಡ. ಸಾದಾ ಕಲ್ಲುಪ್ಪು 20 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಮೇಲೆ ಚುರುಕಾಗಿ ಕೆಲಸ ಮಾಡುತ್ತದೆ, 15ಕ್ಕಿಂತ ಕೆಳಗೆ ಬಹಳ ನಿಧಾನ. ಹಾಗಾಗಿ ಕಡು ಚಳಿಯ ದಿನ ಉಪ್ಪು ಬಿದ್ದಿದ್ದರೂ ರಸ್ತೆ ಬೆಳ್ಳಗೇ ಇರುತ್ತದೆ. ಹಗಲು ಕರಗಿ ಒದ್ದೆಯಾದದ್ದು ಸೂರ್ಯ ಮುಳುಗಿದ ಮೇಲೆ ಮತ್ತೆ ಹೆಪ್ಪುಗಟ್ಟಿದರೆ ಬ್ಲ್ಯಾಕ್ ಐಸ್: ರಸ್ತೆ ಒದ್ದೆಯಾಗಿ ಹೊಳೆಯುತ್ತದೆ, ಆದರೆ ಮುಂದಿನ ಕಾರಿನ ಚಕ್ರದಿಂದ ನೀರು ಹಾರುವುದಿಲ್ಲ. ಹಾಗೆ ಕಂಡರೆ ಅದು ನೀರಲ್ಲ.

2015ರ ಜನವರಿ 9ರಂದು ಇದಕ್ಕೆ ದಕ್ಷಿಣದಲ್ಲಿರುವ ಐ-94 ಹೆದ್ದಾರಿಯಲ್ಲಿ, ಕಾಲಮಜೂ ಮತ್ತು ಬ್ಯಾಟಲ್ ಕ್ರೀಕ್ ನಡುವಿನ ಗೇಲ್ಸ್‌ಬರ್ಗ್ ಬಳಿ 193 ವಾಹನಗಳು ಒಂದಕ್ಕೊಂದು ಗುದ್ದಿಕೊಂಡವು. ಪಟಾಕಿ ತುಂಬಿದ್ದ ಲಾರಿಗೆ ಬೆಂಕಿ ಹತ್ತಿತು, ಒಬ್ಬ ಲಾರಿ ಚಾಲಕ ಸತ್ತ. ಲೇಕ್ ಎಫೆಕ್ಟ್ ಪಟ್ಟೆಯೊಳಗೆ ವೇಗವಾಗಿ ನುಗ್ಗಿದರೆ ಮುಂದೆ ನಿಂತ ವಾಹನ ಕಾಣುವಷ್ಟರಲ್ಲಿ ನಿಲ್ಲಿಸುವ ದೂರ ಉಳಿದಿರುವುದಿಲ್ಲ. ಮುಂದೆ ಬಿಳಿ ಗೋಡೆ ಕಂಡರೆ ಒಳಗೆ ಹೋಗುವ ಮೊದಲೇ ವೇಗ ಇಳಿಸಬೇಕು, ಎಕ್ಸಿಟ್ ಸಿಕ್ಕರೆ ಇಳಿದುಬಿಡಬೇಕು. ರಸ್ತೆಯಂಚಿನಲ್ಲಿ ನಿಲ್ಲುವುದು ಕೊನೆಯ ಆಯ್ಕೆ. ಹಿಂದಿನಿಂದ ಬರುವವರು ನಮ್ಮ ದೀಪವನ್ನೇ ದಾರಿಯೆಂದು ನಂಬಿ ಬಂದು ಗುದ್ದುತ್ತಾರೆ.

ಮುಂದೆ ಹೋಗಬೇಕೇ ಬೇಡವೇ ಎಂದು ತೀರ್ಮಾನಿಸುವ ಜಾಗ ಲ್ಯಾನ್ಸಿಂಗ್. ಅಲ್ಲಿಗೆ ಅರ್ಧ ದಾರಿ, ಸುಮಾರು 65 ಮೈಲಿ. ಹೋಟೆಲುಗಳಿವೆ, ಪೆಟ್ರೋಲಿದೆ, ಬಿಸಿ ಊಟವಿದೆ. ಅಲ್ಲಿವರೆಗೆ ಎರಡೂವರೆ ಗಂಟೆಗಿಂತ ಹೆಚ್ಚು ಹಿಡಿದಿದ್ದರೆ, ಅಥವಾ ಕಣ್ಣು ಉರಿಯುತ್ತಿದ್ದರೆ, ರೂಮು ಮಾಡುವುದು ನೂರಿಪ್ಪತ್ತು ಡಾಲರ್ ಉಳಿಸುವುದಕ್ಕಿಂತ ವಿವೇಕದ್ದು. ಅಲ್ಲಿಂದ ಪೂರ್ವಕ್ಕೆ ಫೌಲರ್‌ವಿಲ್, ಹೋವೆಲ್, ಬ್ರೈಟನ್ ಕಡೆ ಸರೋವರದ ಪ್ರಭಾವ ತಗ್ಗುತ್ತದೆ. ಕೊನೆಯ ಎಚ್ಚರಿಕೆ ನೋವೈಯ ಎಕ್ಸಿಟ್‌ನಲ್ಲಿ: ಗಂಟೆಗಟ್ಟಲೆ ಹೆದ್ದಾರಿಯಲ್ಲಿ ಇದ್ದ ಕಣ್ಣಿಗೆ 40 ಮೈಲಿ ಎಂದರೆ ನಿಂತಂತೆಯೇ ಅನ್ನಿಸುತ್ತದೆ, ಇಳಿಜಾರಿನ ತಿರುವಿನಲ್ಲಿ ಹಾಗೇ ಬಂದವರು ಸಿಗ್ನಲ್ ದಾಟಿ ಜಾರುತ್ತಾರೆ.

ಚರಂಡಿಗೆ ಇಳಿದರೆ, ದಾರಿಯಲ್ಲಿ ಸಿಕ್ಕಿಕೊಂಡರೆ, ಕಾರು ಬಿಟ್ಟು ನಡೆಯಬಾರದು. 911ಕ್ಕೆ ಕರೆ ಮಾಡಿ ಹತ್ತಿರದ ಮೈಲಿ ಫಲಕದ ಸಂಖ್ಯೆ ಮತ್ತು ಹೋಗುತ್ತಿದ್ದ ದಿಕ್ಕು ಹೇಳಿ. ಎಂಜಿನ್ ಹಾಕುವ ಮೊದಲು ಇಳಿದು ಹೊಗೆ ಕೊಳವೆಯ ಸುತ್ತಲಿನ ಹಿಮ ತೆಗೆಯಲೇಬೇಕು. ಅದು ಮುಚ್ಚಿಕೊಂಡರೆ ಕಾರ್ಬನ್ ಮಾನಾಕ್ಸೈಡ್ ಒಳಗೆ ತುಂಬುತ್ತದೆ, ವಾಸನೆಯೇ ಇರುವುದಿಲ್ಲ. ಗಂಟೆಗೆ ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ, ಗಾಳಿ ಬಾರದ ಕಡೆಯ ಕಿಟಕಿಯನ್ನು ಬೆರಳಗಲ ಇಳಿಸಿ. 2022ರ ಡಿಸೆಂಬರ್‌ನ ಹಿಮಬಿರುಗಾಳಿಯಲ್ಲಿ ನ್ಯೂಯಾರ್ಕ್ ರಾಜ್ಯದ ಬಫಲೋದಲ್ಲಿ ಕಾರಿನೊಳಗೇ ಸಿಕ್ಕಿ ಸತ್ತವರಿದ್ದಾರೆ. ಕಂಬಳಿ, ತಿಂಡಿ, ಪೆಟ್ರೋಲು ಎಂದು ಮೇಲೆ ಹೇಳಿದ್ದು ಇದಕ್ಕಾಗಿ.

ಮನೆ ಮುಟ್ಟಿದ ಮೇಲೆ ಫಾರ್ಮಲ್ ಶೂವಿಗೆ ತಗಲಿದ ಉಪ್ಪಿನ ಬಿಳಿ ಕಲೆಯನ್ನು ಸಮಪ್ರಮಾಣದ ವಿನಿಗರ್ ಮತ್ತು ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಒಣಗಿ ಕೂತರೆ ಚರ್ಮ ಬಿರಿಯುತ್ತದೆ. ಚಳಿ ಕಡಿಮೆಯಾದ ಮೊದಲ ದಿನ ಕಾರಿನ ತಳವನ್ನೂ ತೊಳೆಸಿ. ಧನ್ಯವಾದದ ಮೇಲ್ ಅದೇ ರಾತ್ರಿಯೋ ಮರುದಿನ ಬೆಳಗ್ಗೆಯೋ ಹೋಗಲಿ, ಆರೇಳು ಸಾಲು ಸಾಕು: ಆಡಿದ ಮಾತಿನಲ್ಲಿ ಒಂದು ನಿರ್ದಿಷ್ಟ ವಿಷಯ, ತಡವರಿಸಿದ ಪ್ರಶ್ನೆಗೆ ಎರಡು ಸಾಲಿನ ಸ್ಪಷ್ಟ ಉತ್ತರ.

ಆಫರ್ ಬಂದರೆ ಸಂಬಳಕ್ಕಿಂತ ಮೊದಲು ಕೇಳಬೇಕಾದದ್ದು ವಾರಕ್ಕೆ ಎಷ್ಟು ದಿನ ಆಫೀಸು, ಹಿಮದ ದಿನ ಮನೆಯಿಂದ ಮಾಡಬಹುದೇ ಎಂದು. ವಾರಕ್ಕೆ ಮೂರು ದಿನ ಎಂದರೆ ನವೆಂಬರ್‌ನಿಂದ ಮಾರ್ಚ್‌ವರೆಗೆ ಈ ದಾರಿಯನ್ನು ನಂಬಿ ಬದುಕುವುದು ಅಸಾಧ್ಯ, ಮನೆ ಬದಲಿಸಲೇಬೇಕು. ಮನೆ ಬದಲಿಸಲು ಕಂಪನಿ ಕೊಡುವ ಹಣಕ್ಕೆ ಕೇಂದ್ರದ ಆದಾಯ ತೆರಿಗೆ ಬೀಳುತ್ತದೆ, ಆದ್ದರಿಂದ ತೆರಿಗೆ ಕಳೆದ ಮೇಲೆ ಕೈಗೆ ಎಷ್ಟು ಎಂದು ಕೇಳಿ. ಎಚ್-1ಬಿ ಎಂಬ ಕೆಲಸದ ವೀಸಾ ಮೇಲಿರುವವರಿಗೆ ಇದರಲ್ಲಿ ಕಾನೂನಿನ ಗಂಟೂ ಇದೆ. ಕಾರ್ಮಿಕ ಇಲಾಖೆಗೆ ಕೊಡುವ ಎಲ್‌ಸಿಎ ಅರ್ಜಿಯಲ್ಲಿ ಕೆಲಸದ ಜಾಗ ನಮೂದಾಗುತ್ತದೆ. ನೋವೈಯ ಮನೆಯಿಂದ ವಾರಕ್ಕೆ ಎರಡು ದಿನ ಕೆಲಸ ಮಾಡುವುದಾದರೆ ಮನೆಯ ವಿಳಾಸವೂ ಅದರಲ್ಲಿ ಇರಬೇಕು. ಡೆಟ್ರಾಯಿಟ್ ಮತ್ತು ಗ್ರ್ಯಾಂಡ್ ರ‍್ಯಾಪಿಡ್ಸ್ ಬೇರೆ ಬೇರೆ ಮಹಾನಗರ ಪ್ರದೇಶಗಳು. ಆಮೇಲೆ ಅಂಥ ಬೇರೆ ಪ್ರದೇಶದ ಹೊಸ ಜಾಗ ಸೇರಿಸಬೇಕಾದರೆ ತಿದ್ದುಪಡಿ ಅರ್ಜಿಯನ್ನೇ ಹಾಕಬೇಕು ಎಂದು ವಲಸೆ ಮೇಲ್ಮನವಿ ಕಚೇರಿಯ 2015ರ ಸಿಮಿಯೊ ತೀರ್ಪಿನ ನಂತರ ಖಚಿತವಾಗಿದೆ.

ಅರ್ಜಿಯ ಕ್ರಮ ಹೀಗೆ: ಆಫರ್ ಲೆಟರ್‌ಗೆ ಸಹಿ, ಎಲ್‌ಸಿಎಗೆ ಏಳು ಕೆಲಸದ ದಿನ, ಆಮೇಲೆ ವಲಸೆ ಇಲಾಖೆಗೆ ಕಂಪನಿಯ ಐ-129 ಅರ್ಜಿ ಸಲ್ಲಿಕೆ, ರಸೀತಿ. ಈಗ ಎಚ್-1ಬಿಯಲ್ಲಿ ಇರುವವರು 2000ದ ಎಸಿ21 ಎಂಬ ವಲಸೆ ಕಾಯ್ದೆಯ ಪ್ರಕಾರ ಹೊಸ ಕಂಪನಿಯ ಅರ್ಜಿ ಸಲ್ಲಿಕೆಯಾದ ಮೇಲೆ ಅಲ್ಲಿ ಕೆಲಸ ಶುರುಮಾಡಬಹುದು. ಆದರೂ ಹೆಚ್ಚುವರಿ ಶುಲ್ಕದ ಪ್ರೀಮಿಯಂ ಪ್ರೊಸೆಸಿಂಗ್‌ನಲ್ಲಿ 15 ಕೆಲಸದ ದಿನದೊಳಗೆ ಉತ್ತರ ಬರುತ್ತದೆ; ಮಂಜೂರಾತಿ ಕೈಗೆ ಬಂದ ಮೇಲೆಯೇ ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡುವುದು ನೆಮ್ಮದಿ. ಕೆಲಸ ಹೋಗಿದ್ದರೆ ಹೊಸ ಅರ್ಜಿ ಹಾಕಿಸಲು ಸಿಗುವ ಕಾಲಾವಕಾಶ ಕೊನೆಯ ಕೆಲಸದ ದಿನದಿಂದ ಗರಿಷ್ಠ 60 ದಿನ, ಅಥವಾ ಐ-94 ಎಂಬ ದೇಶ ಪ್ರವೇಶದ ದಾಖಲೆಯ ಅವಧಿ ಮುಗಿಯುವವರೆಗೆ, ಯಾವುದು ಮೊದಲೋ ಅದು. ವಿಶ್ವವಿದ್ಯಾಲಯದಂಥ ಎಚ್-1ಬಿ ಲಾಟರಿಯಿಂದ ವಿನಾಯಿತಿ ಇರುವ ಸಂಸ್ಥೆಯಿಂದ ಖಾಸಗಿ ಕಂಪನಿಗೆ ಹೋಗುವವರು, ಮೊದಲು ಲಾಟರಿಯಲ್ಲಿ ಆಯ್ಕೆಯಾಗಿರದಿದ್ದರೆ, ಹೀಗೆ ನೇರವಾಗಿ ಕೆಲಸ ಬದಲಿಸಲಾಗುವುದಿಲ್ಲ. ಕೆಲವು ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ವಿಧಿಸಿದ 2025ರ ಸೆಪ್ಟೆಂಬರ್‌ನ ಘೋಷಣೆಯ ನಂತರ ಅರ್ಜಿ ಇತ್ಯರ್ಥವಾಗುವ ಮೊದಲು ಊರಿಗೆ ಹೋಗುವ ಟಿಕೆಟ್ಟನ್ನು ವಕೀಲರನ್ನು ಕೇಳದೆ ಮಾಡಬಾರದು.

ದಾಖಲೆಗಳಲ್ಲಿ ತಡವಾಗುವುದು ಬಹುತೇಕ ಊರಿನಿಂದ ಬರಬೇಕಾದವು. ವಿಟಿಯುನಲ್ಲಿ ಓದಿದವರು ಎಂಟೂ ಸೆಮಿಸ್ಟರಿನ ಅಂಕಪಟ್ಟಿ ಮತ್ತು ಘಟಿಕೋತ್ಸವದ ಪದವಿ ಪ್ರಮಾಣಪತ್ರದ ಬಣ್ಣದ ಸ್ಕ್ಯಾನ್ ಇಟ್ಟುಕೊಂಡಿರಬೇಕು. ಪ್ರಾವಿಜನಲ್ ಮಾತ್ರ ಇದ್ದರೆ ವಕೀಲರು ಮೂಲ ಪ್ರಮಾಣಪತ್ರ ಕೇಳಬಹುದು, ಬೆಳಗಾವಿಯಿಂದ ತರಿಸುವಷ್ಟರಲ್ಲಿ ವಾರಗಳೇ ಉರುಳುತ್ತವೆ. ಇದರ ಜೊತೆ ವಲಸೆ ಇಲಾಖೆ ಕೊಟ್ಟ ಹಿಂದಿನ ಎಲ್ಲ ಐ-797 ಪತ್ರಗಳು, ಇತ್ತೀಚಿನ ಎರಡು ಮೂರು ತಿಂಗಳ ಪೇ ಸ್ಟಬ್, ವರ್ಷದ ಸಂಬಳ ಮತ್ತು ತೆರಿಗೆ ತೋರಿಸುವ ಡಬ್ಲ್ಯೂ-2, ಪಾಸ್‌ಪೋರ್ಟ್, ಗಡಿ ಇಲಾಖೆಯ ತಾಣದಿಂದ ಇಳಿಸಿಕೊಂಡ ಐ-94. ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕಿದ ಐ-140 ಅರ್ಜಿ ಮಂಜೂರಾಗಿ 180 ದಿನ ಕಳೆದಿದ್ದರೆ ಹಳೆಯ ಕಂಪನಿ ಅದನ್ನು ಹಿಂತೆಗೆದುಕೊಂಡರೂ ಸಾಮಾನ್ಯವಾಗಿ ಆ ಮಂಜೂರಾತಿ ಉಳಿಯುತ್ತದೆ. ಗ್ರೀನ್ ಕಾರ್ಡ್ ಸಾಲಿನಲ್ಲಿ ಹಳೆಯ ದಿನಾಂಕ ಕೈತಪ್ಪುವುದಿಲ್ಲ. ಹೊಸ ಕಂಪನಿ ಮಾತ್ರ ಪರ್ಮ್ ಎಂಬ ಗ್ರೀನ್ ಕಾರ್ಡಿನ ಮೊದಲ ಹಂತದಿಂದ ಮತ್ತೆ ಶುರುಮಾಡಬೇಕು, ಯಾವಾಗ ಶುರುಮಾಡುತ್ತಾರೆ ಎಂಬುದನ್ನು ಆಫರ್ ಒಪ್ಪುವ ಮೊದಲೇ ಬರವಣಿಗೆಯಲ್ಲಿ ಪಡೆಯಬೇಕು. ಸೇರುವ ದಿನಾಂಕ ಕೇಳಿದಾಗ ಸಾಧ್ಯವಾದರೆ ಮಾರ್ಚ್ ಕೊನೆ ಎನ್ನಿ. ಮೊದಲ ವಾರಗಳ ಓಡಾಟ, ಮನೆ ಹುಡುಕಾಟ, ಸಾಮಾನು ಸಾಗಣೆ ಎಲ್ಲ ಕಡು ಹಿಮ ಇಳಿದ ಮೇಲೆ ಆಗುತ್ತದೆ.